ಟೊಪ್ಪಿಯಣ್ಣನ ತಗಡಿನ ತಲೆ

ನನ್ನ ಗಂಡನನ್ನು ಊರೆಲ್ಲ ಟೊಪ್ಪಿಯಣ್ಣ ಎನ್ನುತ್ತದೆ. ಬದುಕಿನಲ್ಲಿ ಯಾರಿಗೂ ಟೋಪಿ ಹಾಕಿದವರಲ್ಲ, ತಾವೇ ಹಾಕಿಸಿಕೊಂಡವರು. ಹರೆಯದಿಂದಲೂ ಮುಖವಾಡದ ಹಾಸ್ಯನಾಟಕದಲ್ಲಿ ಅವರದು ಒಂದೇ ಪಾತ್ರ, ಹೊಟ್ಟೆಬಾಕ ಸೇವಕ. ಯಜಮಾನನ ಕೈಲಿ ಪೆಟ್ಟು ತಿಂದು "ಅಯ್ಯೋ ಸತ್ತೆ!" ಎಂದು ಬೀಳುತ್ತಾರೆ, ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾಟಕ ಕಂಪನಿಯ ಹೊಲಿಗೆ ನನ್ನದು. ಅವರ ಕೆಂಪು ಟೊಪ್ಪಿಯಲ್ಲಿ ಬಟ್ಟೆಗಿಂತ ನನ್ನ ತೇಪೆಯೇ ಹೆಚ್ಚು.

ಈ ಆಟದಲ್ಲಿ ಹಾಸ್ಯಗಾರನನ್ನು ನಡುವೆ ಯಾರೂ ತಡೆಯುವಂತಿಲ್ಲ. ಸತ್ತೆ ಅಂದರೂ ಆಟವೇ, ಕಾಪಾಡಿ ಅಂದರೂ ಆಟವೇ. ಅದಕ್ಕೇ ಹಿಂದಿನವರು ಒಂದು ಕಟ್ಟಳೆ ಮಾಡಿಟ್ಟಿದ್ದರು: ನಿಜವಾಗಿ ಕಷ್ಟವಾದರೆ ಟೊಪ್ಪಿಯನ್ನು ಹಿಂದುಮುಂದಾಗಿ ತಿರುಗಿಸಬೇಕು. ಎದೆನೋವು ಬಂದ ದಿನ ಇವರು ತಿರುಗಿಸಿದ್ದರು, ತಕ್ಷಣ ಪರದೆ ಬಿತ್ತು. ಜೀವ ಉಳಿದದ್ದು ಹಾಗೆ.

ಆಮೇಲೆ ಕಂಪನಿ ನಮ್ಮ ಅಳಿಯನ ಕೈಗೆ ಬಂತು. ಒಳ್ಳೆಯವನೇ, ಆದರೆ ತಲೆಗೆ ಹುಳ ಹೊಕ್ಕರೆ ಬಿಡುವವನಲ್ಲ. ಎಲ್ಲಿಂದಲೋ ಹಳೆಯ ಪತ್ರಿಕೆಗಳನ್ನು ಗುಡ್ಡೆ ಹಾಕಿಕೊಂಡಿದ್ದ. ಮುಖಪುಟದ ತುಂಬ ರೆಕ್ಕೆಯ ರಾಕೆಟ್ಟು, ಹಾರುವ ಕಾರು, ಎದೆಯ ಮೇಲೆ ಗುಂಡಿಗಳಿರುವ ತಗಡಿನ ಮನುಷ್ಯರು.

"ಅತ್ತೆ, ನಮ್ಮ ಅಜ್ಜಂದಿರು ನಾಳೆ ಹೀಗಿರುತ್ತೆ ಅಂದ್ಕೊಂಡಿದ್ರು. ಆ ನಾಳೇಲಿ ನಮ್ಮ ಆಟ ಆಡೋಣ. ಯಜಮಾನ ಚಂದ್ರನ ಮೇಲಿನ ಸಾಹುಕಾರ, ಮಾವ ಅವನ ಯಂತ್ರದ ಆಳು."

"ತಗಡಿನೊಳಗೆ ನಿಮ್ಮ ಮಾವಂಗೆ ಉಸಿರು ಬೇಡ್ವೇನಪ್ಪಾ?"

"ಮೂಗಿನ ಹತ್ರ ತೂತು ಇಡ್ತೀನಿ ಬಿಡಿ."

ಇಟ್ಟ. ಗುಂಡಗಿನ ತಗಡಿನ ತಲೆ, ಕತ್ತಿನ ಹಿಂದೆ ಚಿಲಕ, ನೆತ್ತಿಯ ಮೇಲೆ ಮಿಣುಕುವ ಬಲ್ಬು. ಒಳಗೆ ಮೆತ್ತೆ ಹೊಲಿದವಳು ನಾನೇ. ಕೆಂಪು ಟೊಪ್ಪಿ ಪೆಟ್ಟಿಗೆ ಸೇರಿತು. ಟೊಪ್ಪಿಯೇ ಇಲ್ಲದಿದ್ದರೆ ತಿರುಗಿಸುವುದೇನನ್ನು ಎಂದು ನಮ್ಮಲ್ಲಿ ಒಬ್ಬರಿಗಾದರೂ ಹೊಳೆಯಬೇಡವೇ!

ಮೊದಲ ಆಟ, ಭಾನುವಾರ ಮಧ್ಯಾಹ್ನ. ಯಜಮಾನ ಗುಂಡಿ ಒತ್ತಿದ, ಬಲ್ಬು ಮಿಣುಕಿತು. ಪರದೆಯ ಮರೆಯಲ್ಲಿದ್ದ ನನಗೆ ಸುಟ್ಟ ವಾಸನೆ ಬಂತು. ಇಸ್ತ್ರಿಪೆಟ್ಟಿಗೆ ಆರಿಸಲಿಲ್ಲವೇನೋ ಎಂದು ತಿರುಗಿ ನೋಡಿದೆ. ಅದು ತಣ್ಣಗಿತ್ತು.

"ಅಯ್ಯೋ ಸತ್ತೆ! ಬಿಚ್ರೋ!" ಎಂದರು ಇವರು. ಜನ ಬಿದ್ದು ಬಿದ್ದು ನಕ್ಕರು. ಯಜಮಾನ ವಾಡಿಕೆಯಂತೆ ಕೋಲಿನಿಂದ ಇನ್ನೊಂದು ಬಿಟ್ಟ. ಇವರ ಎರಡೂ ಕೈ ತಲೆಗೆ ಹೋದವು. ತಗಡನ್ನು ಹಿಡಿದು ತಿರುಗಿಸಲು ನೋಡಿದರು. ಅದು ಅಲುಗಲಿಲ್ಲ. ಮತ್ತೆ ಹಿಡಿದರು.

ಆಗ ಹೊಳೆಯಿತು: ಟೊಪ್ಪಿ ತಿರುಗಿಸುತ್ತಿದ್ದಾರೆ!

"ಪರದೆ ಬಿಡ್ರೋ!" ಎಂದು ಕಿರುಚಿದೆ. ಆ ನಗೆಯಲ್ಲಿ ಯಾರಿಗೆ ಕೇಳಬೇಕು? ನಾನೇ ನುಗ್ಗಿದೆ. ಚಿಲಕ ಕಚ್ಚಿಕೊಂಡಿತ್ತು, ಕತ್ತರಿ ತುರುಕಿ ಮೀಟಿದೆ. ತಲೆ ಕಳಚಿದಾಗ ಹೊಗೆ ಬಂತು. ನೆತ್ತಿಯ ಕೂದಲು ಕರಕಲಾಗಿತ್ತು, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡಿತ್ತು. ಕೊನೆಗೆ ಉಸಿರೆಳೆದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಆಸ್ಪತ್ರೆಯಲ್ಲಿ ಅಳಿಯ ಕಾಲು ಹಿಡಿದು ಅತ್ತ. "ಆಟ ನಿಲ್ಲಿಸ್ತೀನಿ ಮಾವ."

"ನಿಲ್ಲಿಸೋದಾ? ಜನ್ಮದಲ್ಲಿ ಅಷ್ಟು ನಗು ಕೇಳಿಲ್ಲ ಕಣೋ. ಆ ಬಲ್ಬಿನ ವೈರು ಕಿತ್ತುಹಾಕು. ತಲೆ ತಿರುಗಿಸೋದು ಮಾತ್ರ ಇರ್ಲಿ."

"ರೀ, ಬುದ್ಧಿಗಿದ್ಧಿ ಇದೆಯಾ ನಿಮಗೆ? ಆಟಕ್ಕೇ ತಿರುಗಿಸಿದ್ರೆ, ನಿಜವಾಗಿ ಏನಾದ್ರೂ ಆದಾಗ ನಮಗೆ ಗೊತ್ತಾಗೋದು ಹೇಗೆ?"

"ನೀನಿದ್ದೀಯಲ್ಲೇ" ಎಂದರು.

ಈಗ ಪ್ರತಿ ಆಟದಲ್ಲೂ ಅವರು ತಲೆಗೆ ಕೈ ಹಾಕುತ್ತಾರೆ. ಪ್ರತಿ ಸಲವೂ ನಾನು ಕತ್ತರಿ ಹಿಡಿದು ಓಡುತ್ತೇನೆ. ಗಾಬರಿಬಿದ್ದ ಹೆಂಡತಿಯ ಪಾತ್ರ ಬಹಳ ಸಹಜವಾಗಿದೆ ಎಂದು ಜನ ಹೊಗಳುತ್ತಾರೆ. ನಾನು ಇದುವರೆಗೆ ಒಂದು ಸಲವೂ ನಟಿಸಿಲ್ಲ.