ಸೇತುವೆಯ ಮೇಲೆ ನಿಂತುಹೋದ ಕತೆ

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಮದ್ದೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಮೇಷ್ಟ್ರಾಗಿದ್ದೆ. ಕತೆ ಬರೆಯುತ್ತಿದ್ದೆ. ಈ ಎರಡನೆಯ ಮಾತನ್ನು ನಮ್ಮ ವಠಾರದಲ್ಲಿ ಹೆಂಡತಿಯೊಬ್ಬಳನ್ನು ಬಿಟ್ಟರೆ ಯಾರೂ ನಂಬಿರಲಿಲ್ಲ.

ಬೆಳಗಿನ ಜಾವ ಕಬ್ಬಿನ ಗಾಡಿಗಳ ಸದ್ದಿಗೆ ಎಚ್ಚರವಾಗುತ್ತಿತ್ತು. ಮುಖ ತೊಳೆದು, ಟ್ರಂಕಿನ ಮೇಲೊಂದು ಹಲಗೆ ಇಟ್ಟುಕೊಂಡು ಕಿಟಕಿಯ ಪಕ್ಕ ಕೂತುಬಿಡುತ್ತಿದ್ದೆ. ವಠಾರದ ನಲ್ಲಿಯಲ್ಲಿ ನೀರು ಬರುವ ತನಕ ಆ ಹೊತ್ತು ನನ್ನದು. ಆದರೆ ನೀರು ಯಾವಾಗ ಬರುತ್ತದೆಂದು ಹೇಳಬಲ್ಲ ಮನುಷ್ಯ ಪುರಸಭೆಯಲ್ಲೂ ಇರಲಿಲ್ಲ. ಒಂದು ವಾಕ್ಯ ಕೂಡಿಬರುತ್ತಿದೆ ಅನ್ನುವಷ್ಟರಲ್ಲಿ ಬಿಂದಿಗೆಗಳ ಸದ್ದು, ಅದರ ಹಿಂದೆಯೇ ಜಗಳ. ಇದರ ಮೇಲೆ ವಠಾರದ ಯಜಮಾನರು. ಕಂದಾಯ ಇಲಾಖೆಯಲ್ಲಿ ಶೇಕದಾರರಾಗಿ ನಿವೃತ್ತಿಯಾದವರು, ಬೇವಿನಕಡ್ಡಿ ಕಚ್ಚಿಕೊಂಡು ಕಿಟಕಿಗೇ ಬಂದು ನಿಲ್ಲುವರು.

"ಏನ್ ಮೇಷ್ಟ್ರೇ, ಸುಮ್ಕೆ ಕೂತಿದ್ದೀರಲ್ಲ?"

"ಬರೀತಾ ಇದೀನಿ ಯಜಮಾನರೇ."

"ಅದೇ ಕಣ್ರೀ, ಸುಮ್ಕೆ ಕೂತಿದ್ದೀರಲ್ಲ ಅಂದೆ."

ಇಷ್ಟು ಕಷ್ಟಪಟ್ಟು ಬರೆದ ಕತೆಗೆ ಇನ್ನೊಂದು ಗಂಡಾಂತರ ಉದ್ದದ್ದು. ಬೆಂಗಳೂರಿನ ವಾರಪತ್ರಿಕೆಗೆ ಕಳಿಸಿದರೆ, ಚೆನ್ನಾಗಿದೆ, ಆದರೆ ಉದ್ದವಾಯಿತು ಅನ್ನುವರು. ಮಾಸಪತ್ರಿಕೆಗೆ ಕಳಿಸಿದರೆ, ಚೆನ್ನಾಗಿದೆ, ಆದರೆ ಇನ್ನೂ ಬೆಳೆಸಬಹುದಿತ್ತು ಅನ್ನುವರು. ನನ್ನ ಕತೆಗಳೆಲ್ಲ ಇವೆರಡರ ಮಧ್ಯೆ ಎಲ್ಲೋ ಮುಗಿಯುತ್ತಿದ್ದವು. ಎಳೆದರೆ ನೀರಾಗುತ್ತಿತ್ತು, ಮೊಟಕಿದರೆ ಉಸಿರೇ ಹೋಗುತ್ತಿತ್ತು.

ಹೀಗಿರುವಾಗ ನನ್ನ ಅಕ್ಕನ ಮೇಲೊಂದು ಕತೆ ಬರೆದೆ. ಅವಳನ್ನು ಕೇಳಿಯೇ ಬರೆದದ್ದು. ಅಕ್ಕನನ್ನು ಮದ್ದೂರಿನ ಒಂದು ಮನೆಗೆ ಕೊಟ್ಟಿದ್ದರು; ನನಗೆ ಅಲ್ಲಿ ಕೆಲಸ ಸಿಗುವ ಮುಂಚಿನ ಮಾತು. ಗಂಡ ಇನ್ನೊಬ್ಬಳನ್ನು ತಂದು ಅದೇ ಮನೆಯಲ್ಲಿಟ್ಟುಕೊಂಡಾಗ, ಒಂದು ಮಧ್ಯಾಹ್ನ ಅಕ್ಕ ಬರಿಗೈಯಲ್ಲಿ ಹೊರಟು ಶಿಂಷಾ ಸೇತುವೆಯ ಮೇಲೆ ಬಹಳ ಹೊತ್ತು ನಿಂತಿದ್ದಳು. ಆಮೇಲೆ ವಾಪಸು ಹೋಗಿ, ನಮ್ಮಪ್ಪ ಮದುವೆಯಲ್ಲಿ ಕೊಟ್ಟಿದ್ದ ಹೊಲಿಗೆ ಮಿಷನ್ನನ್ನು ಗಾಡಿಗೆ ಹಾಕಿಸಿಕೊಂಡು ಮಳವಳ್ಳಿಯ ಸೋದರತ್ತೆಯ ಮನೆ ಸೇರಿದ್ದಳು. ಈಗ ಅಲ್ಲಿಯ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆಯಲ್ಲಿ ರವಿಕೆ ಹೊಲಿಯುತ್ತಿದ್ದಳು. "ಬರಕೋ ಓಗು," ಅಂದಿದ್ದಳು, "ಆದ್ರೆ ನನ್ನ ಅಳುಮುಂಜಿ ಮಾಡ್ಬ್ಯಾಡ ಕಣ್ಲಾ."

ವಾರಪತ್ರಿಕೆಯವರು ಎಂದಿನಂತೆ ಮೊಟಕು ಮಾಡಿ ಅಂದರು. ಮಾಡಿದೆ. ಗಂಡನ ಮನೆಯ ಅರ್ಧ ಜನರನ್ನು ತೆಗೆದೆ, ಮದುವೆಯನ್ನೇ ತೆಗೆದೆ. ಕತೆ ಬಂದ ವಾರ ರೈಲ್ವೆ ಸ್ಟೇಷನ್ನಿನ ಅಂಗಡಿಯಲ್ಲಿ ನಿಂತೇ ಬಿಚ್ಚಿದೆ. 'ಅವಳು ಸೇತುವೆಯ ಕಟ್ಟೆಗೆ ಒರಗಿ ಕೆಳಗೆ ಹರಿಯುವ ನೀರನ್ನು ನೋಡಿದಳು' ಎಂಬಲ್ಲಿಗೆ ಕತೆ ನಿಂತಿತ್ತು. ಅದರ ಕೆಳಗೆ ಒಂದು ಕೇಶತೈಲದ ಜಾಹೀರಾತು. ಪುಟ ತಿರುಗಿಸಿದೆ, ಅಡುಗೆ ವಿಭಾಗ. ಮತ್ತೆ ಹಿಂದಕ್ಕೆ ತಿರುಗಿಸಿದೆ. ಉದ್ದ ಕೂದಲಿನ ಹೆಂಗಸು ಅಲ್ಲೇ ನಗುತ್ತಿದ್ದಳು. ನನ್ನ ಕತೆಯ ಉಳಿದ ಭಾಗ ಎಲ್ಲೂ ಇರಲಿಲ್ಲ.

ಮಾರನೆಯ ದಿನದಿಂದಲೇ ಶುರುವಾಯಿತು. ಸ್ಟಾಫ್‌ರೂಮಿನಲ್ಲಿ ವಿಜ್ಞಾನದ ಮೇಷ್ಟ್ರು, "ಪಾಪ, ಹಾರ್ಕೊಂಬುಟ್ಲು ಅಲ್ವಾ?" ಅಂದರು. ಇಲ್ಲ ಅಂದೆ. "ಇಲ್ಲ ಅಂದ್ರೆ ಅಂಗಂತ ಬರೀಬೇಕಪ್ಪ," ಅಂದರು. ಅಕ್ಕನ ಗಂಡನ ಕಡೆಯವರಿಗೆ ಇದು ಹಬ್ಬವಾಯಿತು. ಮನೆ ಬಿಟ್ಟವಳ ಗತಿ ಕೊನೆಗೆ ಇಷ್ಟೇ ಅಂತ ಅವಳ ತಮ್ಮನೇ ಬರೆದಿದ್ದಾನೆ ಎಂದು ಪೇಟೆಬೀದಿಯಲ್ಲಿ ಹೇಳಿಕೊಂಡು ತಿರುಗಿದರು.

ಭಾನುವಾರ ಬಸ್ಸು ಹಿಡಿದು ಮಳವಳ್ಳಿಗೆ ಹೋದೆ. ಅಕ್ಕ ಮಿಷನ್ನಿನಿಂದ ತಲೆ ಎತ್ತಲಿಲ್ಲ.

"ಅಲ್ಲ ಕಣ್ಲಾ, ನನ್ನ ಸೇತುವೆ ಮ್ಯಾಲೆ ನಿಲ್ಲಿಸ್ಬುಟ್ಟು ನೀನು ಎತ್ತಗೋದೆ?"

"ಕತ್ತರಿಸಿದ್ದು ನಾನಲ್ಲ ಕಣಕ್ಕ, ಪತ್ರಿಕೆಯವರು."

"ಕತೆ ಮ್ಯಾಲೆ ಎಸ್ರು ನಿಂದಲ್ವಾ ಇರಾದು? ಅಮಲ್ದಾರ್ರ ಎಂಡ್ರು ಬಂದು ಇಲ್ಲೇ ಕೂತ್ಕಂಡು ಗಟ್ಟಿಯಾಗಿ ಓದಿದ್ರು. ಎಲ್ರೂ ನನ್ ಮಕ ನೋಡಾರೇಯ. ಸತ್ತೋದೋಳತ್ರ ಯಾರ್ಲಾ ರವಿಕೆ ಒಲಿಸ್ತಾರೆ?"

ಮುಂದಿನ ಶನಿವಾರ ರಜೆ ಹಾಕಿ ಬೆಂಗಳೂರಿಗೆ ರೈಲು ಹತ್ತಿದೆ. ಪತ್ರಿಕೆಯ ಉಪಸಂಪಾದಕರು ಸೌಮ್ಯ ಮನುಷ್ಯ. ಕಾಫಿ ತರಿಸಿದರು. ಕಾಫಿ ಬಂದ ಮೇಲೆ ಜಗಳವಾಡುವುದು ಕಷ್ಟ, ಅದೂ ಅವರಿಗೆ ಗೊತ್ತಿತ್ತೇನೋ.

"ಅಂತ್ಯ ಬಹಳ ಧ್ವನಿಪೂರ್ಣವಾಗಿದೆ ಅಂತ ಓದುಗರು ಬರೆದಿದ್ದಾರೆ ಸಾರ್," ಅಂದರು.

"ಅದು ಅಂತ್ಯ ಅಲ್ಲ ಸ್ವಾಮಿ. ನೀವು ಬಿಟ್ಟ ಜಾಗ."

"ಕೊನೇ ಗಳಿಗೆಯಲ್ಲಿ ಜಾಹೀರಾತು ಬಂತು. ಏನು ಮಾಡೋಣ ಹೇಳಿ."

ಬಿಟ್ಟುಹೋದ ಭಾಗವನ್ನು ಮುಂದಿನ ವಾರ ಹಾಕಿ ಎಂದು ಕೇಳಿದೆ. ಬರೀ ಬಾಲವನ್ನು ಹೇಗೆ ಅಚ್ಚು ಹಾಕುವುದು ಎಂದು ನಕ್ಕರು. ಆಮೇಲೆ ಅವರಿಗೇ ಒಂದು ಉಪಾಯ ಹೊಳೆಯಿತು. "ಧಾರಾವಾಹಿ ಮಾಡಿಬಿಡಿ. ಸೇತುವೆಯಿಂದಲೇ ಶುರು ಮಾಡಿ. ಆಕೆ ನೀರಿಗೆ ಬೀಳ್ತಾಳೆ, ಯಾರೋ ಎತ್ತುತ್ತಾರೆ, ನೆನಪು ಹೋಗಿರುತ್ತೆ. ಒಂದು ವರ್ಷ ಎಳೀಬಹುದು."

ಎರಡು ಪುಟದಲ್ಲಿ ಜಾಗವಿಲ್ಲದ ಹೆಂಗಸಿಗೆ ನೆನಪು ಕಳೆದುಕೊಂಡರೆ ಒಂದು ವರ್ಷ ಜಾಗವಿತ್ತು. ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಬೇರೆ ದಾರಿ ಕಾಣದೆ, ಅಚ್ಚಾಗದೆ ಉಳಿದ ಹಾಳೆಗಳನ್ನು ಹಿಡಿದುಕೊಂಡು ಮತ್ತೆ ಮಳವಳ್ಳಿಗೆ ಹೋದೆ. ಅಕ್ಕನ ಅಂಗಡಿಯಲ್ಲಿ ಮೂರ್ನಾಲ್ಕು ಹೆಂಗಸರು ಕೂತಿದ್ದರು. ಅಮಲ್ದಾರರ ಹೆಂಡತಿಯೂ ಇದ್ದರು. "ಕತೆ ಅಲ್ಲಿಗೆ ಮುಗಿದಿಲ್ಲಮ್ಮ, ಕೇಳಿ," ಎಂದು ಓದಲು ಶುರು ಮಾಡಿದೆ. ಸೇತುವೆಯ ಮೇಲೆ ನನ್ನ ನಾಯಕಿಗೆ ತವರಿನ ನೆನಪು ಬರುತ್ತದೆ, ಮನಸ್ಸು ಗಟ್ಟಿಯಾಗುತ್ತದೆ, ಹಿಂತಿರುಗುತ್ತಾಳೆ. ಅಲ್ಲಿಗೆ ಬರುವಷ್ಟರಲ್ಲಿ ಅಕ್ಕ ಮಿಷನ್ನು ನಿಲ್ಲಿಸಿದಳು.

"ಯಾವ ತವರ್ಲಾ? ತವರು ನೆಪ್ಪಾಗ್ಲಿಲ್ಲ ನಂಗೆ. ಕಾಲು ನೋಯ್ತಿತ್ತು. ಕಬ್ಬಿಳಿಸ್ಬುಟ್ಟು ಬರಿ ಗಾಡೀಲಿ ಬತ್ತಿದ್ದ ಒಬ್ಬ ಮುದುಕಪ್ಪ, 'ಎಲ್ಲಿಗವ್ವ?' ಅಂದ. ಮಳವಳ್ಳಿಗೆ ಅಂದ್ಬುಟ್ಟೆ. ಅದ್ಯಾಕೆ ಅಂಗಂದೆನೋ, ಅಲ್ಲೀಗಂಟ ಮಳವಳ್ಳಿ ಅಂತ ಅಂದ್ಕಂಡೇ ಇರ್ಲಿಲ್ಲ. 'ನಿನ್ನ ಸಾಮಾನೆಲ್ಲವ್ವ?' ಅಂದ."

ಈ ಮುದುಕಪ್ಪನ ವಿಷಯವನ್ನು ಅಕ್ಕ ನನಗೆ ಹೇಳಿಯೇ ಇರಲಿಲ್ಲ. ಗಾಡಿ ಅಂದಿದ್ದಳು, ಬಾಡಿಗೆ ಗಾಡಿ ಅಂದುಕೊಂಡಿದ್ದೆ. ಮುದುಕ ಅವಳನ್ನು ಕೂರಿಸಿಕೊಂಡು ಗಂಡನ ಮನೆಗೇ ಗಾಡಿ ಹೊಡೆದನಂತೆ. ಚಾವಟಿ ಹಿಡಿದು ಬಾಗಿಲಲ್ಲಿ ಸುಮ್ಮನೆ ನಿಂತನಂತೆ. ಅಕ್ಕನ ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿ, ನಮ್ಮ ಕಡೆಯ ಯಾರೋ ದೊಡ್ಡವರು ಅಂದುಕೊಂಡು ಮಜ್ಜಿಗೆ ತಂದುಕೊಟ್ಟಳಂತೆ. ಅವನು ಕುಡಿದನಂತೆ. ಅಷ್ಟರಲ್ಲಿ ಅಕ್ಕ ಮಿಷನ್ನಿನ ಒಂದು ಕಡೆ ಹಿಡಿದಳು, ಇನ್ನೊಂದು ಕಡೆಗೆ ಯಾರು ಕೈ ಹಾಕಿದರು ಗೊತ್ತೆ? ಗಂಡ ತಂದಿಟ್ಟುಕೊಂಡಿದ್ದ ಆ ಹುಡುಗಿ.

"ಅವಳೂ ಅಳ್ತಿದ್ಲು ಪಾಪ," ಅಂದಳು ಅಕ್ಕ. ಅಮಲ್ದಾರರ ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡರು.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. "ಇದನ್ನ ಮೊದಲೇ ಯಾಕಕ್ಕ ಹೇಳಲಿಲ್ಲ?"

"ನೀ ಎಲ್ಲಿ ಕೇಳ್ದೆ? ಚಿಕ್ಕದಾಗಿ ಏಳು, ಚಿಕ್ಕದಾಗಿ ಏಳು ಅಂತಿದ್ದೆ."

ವಾಪಸು ಬರುವಾಗ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಕೈಯಲ್ಲಿದ್ದ ಹಾಳೆಗಳು ನಲುಗಿ ಮುದ್ದೆಯಾದವು, ಆಗಲಿ ಅಂತ ಬಿಟ್ಟೆ. ಸೋಮವಾರ ಬೆಳಿಗ್ಗೆ ಮೊದಲ ಸಾಲಿನಿಂದ ಮತ್ತೆ ಶುರು ಮಾಡಿದೆ. ತೆಗೆದುಹಾಕಿದ್ದ ಜನರನ್ನೆಲ್ಲ ವಾಪಸು ಕರೆದೆ. ಮಳೆಗಾಲ ಕಳೆದು ಮತ್ತೆ ಕಬ್ಬು ಕಡಿಯುವ ಕಾಲ ಬಂದರೂ ಮುದುಕಪ್ಪ ಮಜ್ಜಿಗೆ ಕುಡಿಯುವ ಭಾಗ ಸರಿಹೋಗಿರಲಿಲ್ಲ. ನೀರು ಬಂದರೆ ಹೆಂಡತಿಯೇ ಹೋಗಿ ಹಿಡಿಯತೊಡಗಿದಳು, ಬೈದುಕೊಂಡೇ.

ಬರೆದು ಮುಗಿಸಿದಾಗ ಅದು ಕತೆಗೆ ಉದ್ದ, ಕಾದಂಬರಿಗೆ ಮೋಟು. ಕಳಿಸಿದ ಕಡೆಯಿಂದೆಲ್ಲ ಅದೇ ಮಾತು ಬರೆದು ವಾಪಸು ಕಳಿಸಿದರು. ಕೊನೆಗೆ ಮಂಡ್ಯದಲ್ಲಿ ಮದುವೆ ಕಾಗದ ಅಚ್ಚು ಹಾಕುವ ಒಂದು ಪ್ರೆಸ್ಸಿನವನು, ಲಗ್ನವಿಲ್ಲದ ಆಷಾಢದಲ್ಲಿ, ತೆಳ್ಳಗೆ ಒಂದು ಪುಸ್ತಕ ಮಾಡಿಕೊಟ್ಟ.

ಅಕ್ಕ ಒಂದಷ್ಟು ಪ್ರತಿಗಳನ್ನು ಅಂಗಡಿಯಲ್ಲಿಟ್ಟುಕೊಂಡಳು. ಅಳತೆ ಕೊಡಲು ಬಂದವರು ಓದುತ್ತ ಕೂರುತ್ತಿದ್ದರು, ಮುಗಿಯದಿದ್ದರೆ ಮನೆಗೆ ಒಯ್ಯುತ್ತಿದ್ದರು, ವಾಪಸು ತರುತ್ತಿರಲಿಲ್ಲ. ಪುಸ್ತಕ ಹೊರಬಂದ ಮೇಲೆ ನನ್ನನ್ನು ಯಾರೂ ಸೇತುವೆಯ ವಿಷಯ ಕೇಳಲಿಲ್ಲ. ಕೇಳಿದ್ದೆಲ್ಲ ಆ ಹುಡುಗಿಯ ವಿಷಯ: ಮಿಷನ್ನು ಎತ್ತಲು ಕೈ ಹಾಕಿದವಳು ಆಮೇಲೆ ಏನಾದಳು, ಅದನ್ನು ಯಾಕೆ ಬರೆದಿಲ್ಲ?