ಚಾಚಾರ ಸ್ಪ್ರಿಂಗು ಬೆರಳು

ಕಳೆದ ವಾರ ಹುಣಸೂರಿನ ಮೆಡಿಕಲ್ ಸ್ಟೋರಿನಲ್ಲಿ ಯಾರೋ ಬೋರಿಕ್ ಪೌಡರ್ ಡಬ್ಬಿ ಬೀಳಿಸಿದರು. ಚಪ್ಪಲಿಯಡಿ ಆ ಬಿಳಿ ಪುಡಿ ನುಣ್ಣಗೆ ಜಾರಿದಾಗ ಚಾಚಾರ ಕೇರಂ ಬೋರ್ಡು ಕಣ್ಣ ಮುಂದೆ ಬಂತು…

ಚಾಚಾ ನಮ್ಮ ಪಕ್ಕದ ಮನೆಯವರು. ಬೀಗ ರಿಪೇರಿ ಅವರ ಕಸುಬು. ಸಂತೆಯ ದಿನ ಹೊಗೆಸೊಪ್ಪು ಬೆಳೆಯುವ ಗೌಡರೊಬ್ಬರು ಹಳ್ಳಿಯಿಂದ ಬಂದು ಅಂಗಡಿಯಲ್ಲಿ ಅವರೆದುರು ಕೇರಂ ಆಟಕ್ಕೆ ಕೂರುತ್ತಿದ್ದರು. ಸ್ಟ್ರೋಕ್ ಆಗಿ ಚಾಚಾರ ಬಲಗೈ ಸೋತ ಮೇಲೆ ಗೌಡರು ಟೀ ಕುಡಿದು, ಮಳೆಯ ಮಾತಾಡಿ ಎದ್ದು ಹೋಗತೊಡಗಿದರು. ಎಡಗೈ ಇತ್ತಲ್ಲ ಅನ್ನಬಹುದು. ಪ್ರಯತ್ನಿಸಿದರು, ಸ್ಟ್ರೈಕರ್ ಎಲ್ಲೆಲ್ಲೋ ಹೋಯಿತು. ಚಾಚಾರಿಗೆ ಆ ಆಟ ವಾಪಸ್ ಬೇಕಿತ್ತು, ಅಷ್ಟೇ.

ಒಂದು ದಿನ ಮೊಬೈಲಿನಲ್ಲಿ ವೀಡಿಯೊ ತೋರಿಸಿದರು. ಸೀಗಡಿಯಂಥ ಸಮುದ್ರಜೀವಿಯೊಂದು ಕಣ್ಣಿಗೆ ನಿಲುಕದ ವೇಗದಲ್ಲಿ ಗುದ್ದಿ ಚಿಪ್ಪು ಒಡೆಯುತ್ತಿತ್ತು. ಅದರ ತೋಳು ನಿಧಾನವಾಗಿ ಸ್ಪ್ರಿಂಗಿನಂತೆ ಬಿಗಿಯುತ್ತದೆ, ಕೊಂಡಿಯೊಂದು ಹಿಡಿದಿಡುತ್ತದೆ, ಕೊಂಡಿ ಕಳಚಿದರೆ ಏಟು. ಅದನ್ನು ನೋಡಿ ಯಾರೋ ವಿಜ್ಞಾನಿಗಳು ಪುಟ್ಟ ಯಂತ್ರವನ್ನೂ ಮಾಡಿದ್ದರು.

"ಇದು ಬೀಗಾನೇ ಕಣಪ್ಪ," ಅಂದರು ಚಾಚಾ.

ಸಮುದ್ರಕ್ಕೂ ಹುಣಸೂರಿನ ಕೇರಂಗೂ ಏನು ಸಂಬಂಧ ಎಂದು ನಾನು ವಾದಕ್ಕಿಳಿದೆ. ಕೇಳಿಸಿಕೊಳ್ಳುತ್ತಲೇ ಅವರು ಹಳೆಯ ಬೀಗದ ಸ್ಪ್ರಿಂಗು, ಛತ್ರಿ ಕಡ್ಡಿ ಸೇರಿಸಿ ಸೋತ ಬಲಗೈಯ ತೋರುಬೆರಳಿಗೆ ಕಟ್ಟುವ ಸಾಧನ ಮಾಡಿಬಿಟ್ಟರು. ಎಡಗೈಯಿಂದ ಗುರಿಗೆ ಹೊಂದಿಸಿ, ಸ್ಪ್ರಿಂಗು ಬಿಗಿದು ಕೊಂಡಿ ಕಳಚಿದರೆ ಬೆರಳು ಸ್ಟ್ರೈಕರಿಗೆ ಬಡಿಯುತ್ತಿತ್ತು.

"ಆಡೋದು ನೀನೋ, ನಿನ್ ಬೀಗಾನೋ ಭಾಯ್?" ಎಂದು ಗೌಡರು ನಕ್ಕರು. ನಾನು ಸುಮ್ಮನಿರಲಿಲ್ಲ. ಗುರಿ ಇಡುವುದು ಆಟಗಾರ, ಸ್ಪ್ರಿಂಗು ಬಲವನ್ನಷ್ಟೇ ಕೊಡುತ್ತದೆ. ಕನ್ನಡಕ ಹಾಕಿಕೊಂಡು ಆಡುವ ನಿಮ್ಮದೂ ಮೋಸವಾ ಎಂದು ಕೇಳಿದೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲೂ ಅಷ್ಟು ಸಲೀಸಾಗಿ ಗೆದ್ದಿರಲಿಲ್ಲ. ಲಾಯರನ್ನೂ ಇಟ್ಟುಕೊಂಡಿದ್ದಾನೆ ಇವನು ಎನ್ನುತ್ತ ಗೌಡರು ಬೋರ್ಡು ಇಳಿಸಿದರು.

ಮೊದಲ ಏಟಿಗೆ ಕಾಯಿಗಳು ಚೆಲ್ಲಾಪಿಲ್ಲಿಯಾದವು. ತೊಂದರೆ ಆಮೇಲೆ ಗೊತ್ತಾಯಿತು. ಆ ಜೀವಿಗೆ ಒಡೆದರೆ ಸಾಕು. ಕೇರಂನಲ್ಲಿ ಕೆಲವು ಕಾಯಿಗಳನ್ನು ಸುಮ್ಮನೆ ಸೋಕಿಸಬೇಕು. ಅರ್ಧ ಬಿಗಿದರೆ ಕೊಂಡಿ ನಿಲ್ಲದು, ಪೂರ್ತಿ ಬಿಗಿದರೆ ಪಾಕೆಟ್ಟಿನ ಅಂಚಿನ ಕಾಯಿಯೂ ಸಿಡಿದು ಆಚೆ ಹೋಗುತ್ತಿತ್ತು. ಚಾಚಾ ಕೊಂಡಿ ಉಜ್ಜಿದರು, ತಿದ್ದಿದರು, ಬೇರೆ ಸ್ಪ್ರಿಂಗು ಹಾಕಿದರು… ಆಗಲಿಲ್ಲ.

ಒಂದು ಸಂತೆಯ ದಿನ ಗೌಡರು ಪಾಕೆಟ್ಟಿನ ಬಾಯಲ್ಲೇ ಇದ್ದ ಕಾಯಿಯನ್ನು ತಪ್ಪಿಸಿ ಹೊಡೆದರು. ಇನ್ನೊಂದನ್ನೂ. ಚಾಚಾ ಎಡಗೈಯಿಂದ ಸ್ಟ್ರೈಕರ್ ಮುಚ್ಚಿ ಹಿಡಿದರು.

"ಬಿಟ್ಕೊಟ್ಟೆ ಅಲ್ವಾ ಗೌಡ?"

"ಕೈ ಜಾರ್ತು ಕಣ, ಬುಡು."

ಚಾಚಾ ಬೆರಳಿನ ಕಟ್ಟು ಬಿಚ್ಚಿದರು. ಮರುದಿನ ಆ ಸ್ಪ್ರಿಂಗು ಯಾರದೋ ಟ್ರಂಕಿನ ಬೀಗಕ್ಕೆ ಹೋಯಿತು. ಮತ್ತೆ ಅವರು ಆಡಲಿಲ್ಲ. ಹೆಚ್ಚು ಕಾಲ ಇರಲೂ ಇಲ್ಲ…

ಈಗ ಆ ಅಂಗಡಿಯಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಮೊನ್ನೆ ಗೌಡರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಅಂದು ಬಿಟ್ಟುಕೊಡದೆ ಆಡಿದ್ದರೆ ಚಾಚಾ ಇನ್ನಷ್ಟು ದಿನ ಆಟಕ್ಕೆ ಕೂರುತ್ತಿದ್ದರೇನೋ ಎಂದು ಶುರು ಮಾಡಿದೆ.

"ಸೋಲ್ಸಿದ್ರೂ ಎದ್ದೋಯ್ತಿದ್ದ, ಗೆಲ್ಸಿದ್ರೂ ಎದ್ದೋಯ್ತಿದ್ದ. ಏನ್ ಮಾಡ್ಬೇಕಿತ್ತು ಯೋಳು," ಅಂದರು ಗೌಡರು.

ಅವರ ಬಸ್ಸು ಬಂತು. ಚೀಲ ಎತ್ತಿಕೊಟ್ಟೆ, ಹತ್ತಿ ಹೋದರು.