ಅಪ್ಪನ ಸ್ಪೀಕರಿಗೆ ತಕ್ಕ ರಿಸೀವರ್

ಅಪ್ಪನ ಆಸ್ತಿಯಲ್ಲಿ ನನ್ನ ಪಾಲಿಗೆ ಬಂದದ್ದು ಎರಡು ಸ್ಪೀಕರ್ ಡಬ್ಬ ಮತ್ತು ಒಂದು ಹಸಿರು ಸೀರೆ. ಸೀರೆಯನ್ನು ಇವತ್ತಿನವರೆಗೂ ಉಟ್ಟಿಲ್ಲ. ಡಬ್ಬಗಳಿಗಾಗಿ ಮಾತ್ರ ತುಮಕೂರಿನ ಅಂಗಡಿಗಳನ್ನೆಲ್ಲ ಸುತ್ತಿದೆ.

ಅಪ್ಪ ಕುಣಿಗಲ್‌ನಲ್ಲಿ ಲೈನ್‌ಮನ್ ಆಗಿದ್ದರು. ರಿಟೈರ್ ಆದಾಗ, ಮನೆಯವರೆಲ್ಲ ಬೈಯುತ್ತಿದ್ದರೂ ಕಿವಿಗೆ ಹಾಕಿಕೊಳ್ಳದೆ, ಸಿ.ಡಿ.ಯ ಹಾಡನ್ನು ಸ್ಪೀಕರಿಗೆ ದಾಟಿಸುವ ಒಂದು ಹೋಮ್ ಥಿಯೇಟರ್ ರಿಸೀವರನ್ನೂ ಸೊಂಟದೆತ್ತರದ ಎರಡು ಸ್ಪೀಕರನ್ನೂ ತಂದರು. ಆಗ ನನಗಿನ್ನೂ ಮದುವೆಯಾಗಿರಲಿಲ್ಲ. ತಮ್ಮ ರಿಮೋಟ್ ಹಿಡಿದು ಸೋಫಾದಲ್ಲಿ ಕೂತಿದ್ದ. ವೈರು ಹಿಡಿದವಳು ನಾನು. "ಕೆಂಪಿಗೆ ಕೆಂಪು, ಕರೀದಕ್ಕೆ ಕರೀದು. ಗಟ್ಟಿಯಾಗ್ ಹಿಡ್ಕಳವ್ವ," ಎಂದು ಅಪ್ಪ ಮೊಣಕಾಲೂರಿ ಕೂತು ಸ್ಕ್ರೂ ತಿರುಗಿಸುತ್ತಿದ್ದರು. ಆಮೇಲೆ ಭಾನುವಾರದ ಬೆಳಿಗ್ಗೆ ಅಂದರೆ ನಮ್ಮ ಮನೆಯಲ್ಲಿ ವಚನಗಳ ಸಿ.ಡಿ. ಹಾಡುವವರು ಉಸಿರೆಳೆದುಕೊಳ್ಳುವುದೂ ಕೇಳುತ್ತಿತ್ತು. ಅಪ್ಪ ಅದನ್ನು ಬಂದವರಿಗೆಲ್ಲ ಕೇಳಿಸುತ್ತಿದ್ದರು.

ಅಮ್ಮ ಮೊದಲೇ ಹೋಗಿದ್ದರು. ಅಪ್ಪನೂ ಹೋದ ಮೇಲೆ ಚಿಕ್ಕಪ್ಪ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. "ನೋಡವ್ವ, ಮನೆ, ತೋಟ ಎಲ್ಲಾ ನಿನ್ ತಮ್ಮನ್ ಹೆಸ್ರಿಗ್ ಆಗ್ಬೇಕು. ನೀನೊಂದ್ ಸೈನ್ ಹಾಕ್ಬುಟ್ರೆ ತವರಿನ್ ಬಾಗ್ಲು ಯಾವತ್ತೂ ತೆಗ್ದಿರ್ತದೆ." ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅನ್ನುವವರಿಗೆ ಸೈನ್ ಬೇಕಾದಾಗ ಮಾತ್ರ ಅವಳು ಮನೆಮಗಳು. ನನಗೆ ಇದೆಲ್ಲ ಗೊತ್ತಿತ್ತು. ಗುಬ್ಬಿಯ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳುವವಳು ನಾನು, ಕಾನೂನು ಗೊತ್ತಿಲ್ಲದ ಪೆದ್ದಿಯೇನಲ್ಲ. ಆದರೆ ವರ್ಷವರ್ಷವೂ ಗೌರಿ ಹಬ್ಬದ ಬೆಳಿಗ್ಗೆ ತಮ್ಮ ಬೈಕಿನಲ್ಲಿ ಬಾಗಿನ ತರುತ್ತಿದ್ದ. ಬಳೆ, ಅರಿಶಿನ ಕುಂಕುಮ, ಚೀಲದ ತುಂಬ ತೋಟದ ತೆಂಗಿನಕಾಯಿ. ಅಪ್ಪ ಅಮ್ಮ ಇಬ್ಬರೂ ಇಲ್ಲದವಳಿಗೆ ಉಳಿದಿದ್ದ ತವರು ಅಂದರೆ ಆ ಬೈಕಿನ ಸದ್ದೇ. ಅದು ನಿಲ್ಲಬಾರದು ಅಂತಲೇ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಹೆಬ್ಬೆಟ್ಟೊತ್ತಿ, ಸೈನ್ ಹಾಕಿ ಬಂದೆ.

ಅಲ್ಲಿಂದ ತವರುಮನೆಗೆ ಬಂದಾಗ ತಮ್ಮನ ಹೆಂಡತಿ ತಟ್ಟೆಯಲ್ಲಿ ಎಲೆ ಅಡಿಕೆ, ಹಸಿರು ಸೀರೆ ಇಟ್ಟು ಕೊಟ್ಟಳು. "ಇನ್ನೇನಾರ ಬೇಕಾದ್ರೆ ಕೇಳವ್ವ," ಎಂದರು ಚಿಕ್ಕಪ್ಪ, ತಮ್ಮದೇ ಗಂಟು ಬಿಚ್ಚುವವರ ಹಾಗೆ.

"ಅಪ್ಪನ ಮ್ಯೂಸಿಕ್ ಸೆಟ್ ಕೊಡಿ, ಸಾಕು," ಎಂದೆ.

"ಅಷ್ಟೇನಾ ಅಕ್ಕ? ಕಳಿಸ್ತೀನಿ," ಎಂದ ತಮ್ಮ.

ಲಗೇಜ್ ಆಟೋ ಕ್ಯಾತ್ಸಂದ್ರದ ನಮ್ಮ ಮನೆ ಮುಂದೆ ನಿಂತಾಗ ಅದರಲ್ಲಿ ಎರಡು ಸ್ಪೀಕರ್ ಮಾತ್ರ ಇದ್ದವು. ಫೋನ್ ಮಾಡಿದೆ. "ರಿಸೀವರ್ ಎಲ್ಲೋ?"

"ಅದು ಟಿವಿಗೆ ಕನೆಕ್ಟ್ ಆಗೈತೆ ಕಣಕ್ಕ. ನಾವು ಚಿಕ್ ಚಿಕ್ ಸ್ಪೀಕರ್ ತಗೊಂಡು ಗೋಡೆಗ್ ಹಾಕಿದೀವಿ. ನಿಂಗ್ ಅಪ್ಪನ್ ಸ್ಪೀಕರ್ ತಾನೇ ಮುಖ್ಯ?"

ರಿಸೀವರ್ ಇಲ್ಲದ ಸ್ಪೀಕರ್ ಎಂದರೆ ಕರೆಂಟಿಲ್ಲದ ಮನೆಯ ಮಿಕ್ಸಿ. ಇದನ್ನು ಅವನಿಗೆ ಹೇಳಬೇಕೆ? ಎಲ್ಲಾ ಗೊತ್ತು ಅವನಿಗೆ. ಕುಣಿಗಲ್‌ಗೆ ಹೋಗಿ ಕೇಳಿಯೇಬಿಡುತ್ತೇನೆ ಎಂದು ಚಪ್ಪಲಿ ಮೆಟ್ಟಿದೆ. ನನ್ನ ಗಂಡ ಮಾತ್ರ, "ಹೋಗ್ಲಿ ಬಿಡೇ, ಒಂದು ರಿಸೀವರ್‌ಗೋಸ್ಕರ ತವರು ಕಳ್ಕೋತೀಯಾ?" ಎಂದರು. ಚಪ್ಪಲಿ ಬಿಚ್ಚಿಟ್ಟೆ.

ಹೊಸದನ್ನೇ ಕೊಳ್ಳೋಣ ಎಂದು ಅಂಗಡಿಗೆ ಹೋದೆವು. ಸ್ಪೀಕರಿನ ಬೆನ್ನ ಮೇಲೆ ನಾಲ್ಕು ಓಮ್ ಎಂದು ಬರೆದಿದೆ. ಓಮ್ ಕಡಿಮೆಯಾದಷ್ಟೂ ಅದು ಎಳೆಯುವ ಕರೆಂಟು ಹೆಚ್ಚು. ಅಷ್ಟು ಕೊಡುವ ಶಕ್ತಿ ರಿಸೀವರಿಗೆ ಇರಬೇಕು. ಅಂಗಡಿಯವನು ನನ್ನ ಮಾತು ಕೇಳಿಸಿಕೊಂಡು, ಉತ್ತರವನ್ನು ನನ್ನ ಗಂಡನಿಗೆ ಹೇಳಿದ. "ಅದೆಲ್ಲ ಏನೂ ಆಗಲ್ಲ ಸಾರ್. ಸಾವಿರ ವ್ಯಾಟ್ ಐತೆ, ಬಾಕ್ಸ್ ಮೇಲೇ ಬರ್ದವ್ರೆ ನೋಡಿ." ನನ್ನ ಗಂಡ ಕಾಮರ್ಸ್ ಓದಿದವರು. ಬಾಕ್ಸ್ ನೋಡಿ ತಲೆಯಾಡಿಸಿದರು. ತಂದೆವು.

ಮನೆಯಲ್ಲಿ ಅದು ಸಣ್ಣ ದನಿಯಲ್ಲಿ ಚೆನ್ನಾಗಿಯೇ ಹಾಡಿತು. ಅಪ್ಪ ಇಡುತ್ತಿದ್ದಷ್ಟು ಜೋರು ಮಾಡಿದೆ ನೋಡಿ, ಟಕ್ಕೆಂದು ಆಫ್ ಆಯಿತು. ಮುಟ್ಟಿದರೆ ದೋಸೆ ಕಾವಲಿ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಕೊಟ್ಟರೆ ಇನ್ನೇನಾಗುತ್ತದೆ? ವಾಪಸ್ ಒಯ್ದಾಗ ಅಂಗಡಿಯವನು ತಪ್ಪನ್ನು ಅಪ್ಪನ ಮೇಲೇ ಹಾಕಿದ. "ಆ ಹಳೇ ಡಬ್ಬಗಳ್ನ ಎಕ್ಸ್‌ಚೇಂಜ್‌ಗೆ ಹಾಕ್ಬುಡಿ ಮೇಡಂ. ಹೊಸ ಸೆಟ್ ಕೊಡ್ತೀನಿ."

"ಡಬ್ಬ ಅನ್ಬೇಡಪ್ಪ," ಎಂದೆ. ನಾನೇ ಹಾಗನ್ನುತ್ತೇನೆ, ಆದರೆ ಅವನು ಅನ್ನಬಾರದು.

ಮುಂದಿನ ಶನಿವಾರ ಗುಬ್ಬಿಯ ರೈಲಿಳಿದು ಮನೆಗೆ ಬಂದವಳೇ ಒಂದು ಸ್ಪೀಕರನ್ನು ಆಟೋದಲ್ಲಿ ಮಗುವಿನ ಹಾಗೆ ತಬ್ಬಿಕೊಂಡು ಇನ್ನೊಂದು ಅಂಗಡಿಗೆ ಹೋದೆ. ಗಂಡನನ್ನು ಕರೆದುಕೊಂಡು ಹೋಗಲಿಲ್ಲ. ರಿಸೀವರುಗಳ ಹಿಂಭಾಗ ತಿರುಗಿಸಿ ನೋಡುತ್ತಾ ಹೋದೆ. ಎಲ್ಲದರ ಮೇಲೂ ಆರು ಓಮ್, ಎಂಟು ಓಮ್, ನಾಲ್ಕಕ್ಕೆ ತಡೆಯುವುದು ಒಂದೂ ಇಲ್ಲ. ಐದಾರು ಸ್ಪೀಕರ್ ಓಡಿಸುವ ದೊಡ್ಡದೆಲ್ಲ ಬೇಡ, ಎರಡನ್ನೇ ಗಟ್ಟಿಯಾಗಿ ಓಡಿಸುವುದು ಕೊಡಿ ಎಂದು ಕೇಳಿದಾಗ ಒಳಗಿನಿಂದ ಒಂದನ್ನು ತಂದರು. ನಾಲ್ಕು ಓಮ್ ಎಂದು ಅದರ ಬೆನ್ನ ಮೇಲೇ ಅಚ್ಚಾಗಿತ್ತು. ನನ್ನ ಸ್ಪೀಕರನ್ನೇ ಜೋಡಿಸಿ, ಅಂಗಡಿಯವರು ಸಾಕು ಮೇಡಂ ಅನ್ನುವವರೆಗೂ ಜೋರು ಮಾಡಿದೆ. ಆಫ್ ಆಗಲಿಲ್ಲ.

ಅವತ್ತು ಮನೆಯಲ್ಲಿ ನಾನೇ ವೈರು ಹಿಡಿದು ನಾನೇ ಸ್ಕ್ರೂ ತಿರುಗಿಸಿದೆ. ಮದುವೆಯಲ್ಲಿ ಅಪ್ಪ ಕೊಟ್ಟಿದ್ದ ವಚನಗಳ ಸಿ.ಡಿ. ಹಾಕಿದೆ. ಹಾಡುವವರು ಉಸಿರೆಳೆದುಕೊಂಡರು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಆಷಾಢದಲ್ಲಿ ತಮ್ಮ ಫೋನ್ ಮಾಡಿದ. ಗೋಡೆಯ ಚಿಕ್ಕ ಸ್ಪೀಕರುಗಳನ್ನು ಮಕ್ಕಳು ಜೋರು ಮಾಡಿ ಮಾಡಿ ಹರಿದುಹಾಕಿದ್ದರು.

"ಬೇರೆ ಯಾವ್ದೂ ಆ ರಿಸೀವರ್‌ಗೆ ಸರಿ ಹೋಗ್ತಿಲ್ಲ ಕಣಕ್ಕ. ಅಪ್ಪ ಜೋಡಿಸಿದ್ ಜೋಡಿ ಅದು. ಬೇರೆ ಬೇರೆ ಮಾಡಿದ್ದೇ ತಪ್ಪಾಯ್ತು. ಆ ಸ್ಪೀಕರ್ ಕೊಟ್ಬುಡು."

 ನಾನು ದನಿ ಏರಿಸಲಿಲ್ಲ. "ಬಾರೋ," ಎಂದೆ. "ಬಂದು ಒಂದ್ ಸೈನ್ ಹಾಕು. ತಟ್ಟೇಲಿ ಎಲೆ ಅಡಿಕೆ ಇಟ್ಟು ನಿಂಗೂ ಒಂದು ಸೀರೆ ಕೊಡ್ತೀನಿ."

ಅವನು ನಕ್ಕ. "ಸೀರೆ ತಗೊಂಡು ನಾನೇನ್ ಮಾಡ್ಲಕ್ಕ?"

"ನಾನೂ ಅವತ್ತು ಅದನ್ನೇ ಕೇಳ್ಬೇಕಾಗಿತ್ತು ಕಣೋ."

ಅವನ ನಗು ನಿಂತಿತು. ಫೋನ್ ಕಟ್ ಮಾಡಿದ. ಆಡಿದ ಮಾತಿಗೆ ನಾನು ಪಶ್ಚಾತ್ತಾಪ ಪಟ್ಟಿಲ್ಲ, ಈಗಲೂ ಪಡುವುದಿಲ್ಲ.

ಗೌರಿ ಹಬ್ಬ ಬಂತು. ಗೌರಮ್ಮನನ್ನು ಕೂರಿಸಿ, ಪೂಜೆ ಮುಗಿಸಿ, ಒಬ್ಬಟ್ಟನ್ನೂ ತಟ್ಟಿಟ್ಟೆ. ಹೊತ್ತು ನೆತ್ತಿಗೆ ಬಂದರೂ ಕುಣಿಗಲ್ ಕಡೆಯಿಂದ ಯಾರೂ ಬರಲಿಲ್ಲ. ನಾನು ಸುಮ್ಮನೆ ಕೂತದ್ದು ನೋಡಲಾರದೆ ನನ್ನ ಗಂಡ ರಿಸೀವರ್ ಹತ್ತಿರ ಹೋದರು. "ಅಪ್ಪನ ಸಿ.ಡಿ. ಹಾಕ್ಲೇನೇ?"

"ಬೇಡ ಕಣ್ರೀ," ಎಂದೆ. "ಬೈಕ್ ಬಂದ್ರೆ ಕೇಳ್ಸಲ್ಲ."